ಉರಿಯಿಲ್ಲದ ಉರಿಯೂತ

ಕನ್ನಡದ ಕೆಲವು ಮಾತುಗಳಿಗೆ ನಿಘಂಟಿನ ಹಂಗಿಲ್ಲ; ತಮ್ಮ ಅರ್ಥವನ್ನು ತಾವೇ ಬಿಚ್ಚಿ ಹೇಳಿಬಿಡುತ್ತವೆ. ‘ಉರಿಯೂತ’ ಎಂಬುದು ಅಂಥ ಒಂದು ಮಾತು. ಉರಿಯೂ ಉಂಟು, ಊತವೂ ಉಂಟು. ಎರಡನ್ನೂ ಕೂಡಿಸಿ ಒಂದೇ ಉಸಿರಿನಲ್ಲಿ ಹೇಳಿದರೆ ರೋಗವೇ ಎದುರಿಗೆ ಬಂದು ನಿಂತಂತೆ. ಕಾಲಿಗೆ ಜಾಲಿಮುಳ್ಳು ಹೊಕ್ಕು, ಮಾರನೆಯ ದಿನ ಪಾದ ಕೆಂಪಗೆ ಊದಿಕೊಂಡು, ರಾತ್ರಿಯೆಲ್ಲ ಸಿಡಿದದ್ದನ್ನು ಅನುಭವಿಸಿದವರಿಗೆ ಈ ಪದದ ವ್ಯಾಖ್ಯಾನ ಬೇಕಿಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನಲ್ಲಿ ಸೆಲ್ಸಸ್ ಎಂಬಾತ ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ: ಕೆಂಪು, ಊತ, ಬಿಸಿ, ನೋವು. ನಮ್ಮವರು ಎರಡರಲ್ಲೇ ಮುಗಿಸಿದರು. ಮಾತಿನಲ್ಲಿ ಜಿಪುಣತನ ಮಾಡುವುದೆಂದರೆ ಹೀಗೆ ಮಾಡಬೇಕು.

ಆದರೆ ಈ ಪದವನ್ನು ವೈದ್ಯರೊಬ್ಬರು ನನ್ನ ದೊಡ್ಡಮ್ಮನ ತಲೆಗೆ ಅನ್ವಯಿಸಿ ಹೇಳಿದ ದಿನ ನನಗೆ ಅದು ಅರ್ಥವೇ ಆಗಲಿಲ್ಲ. “ಮಿದುಳಿನಲ್ಲಿ ಒಂದು ಬಗೆಯ ಉರಿಯೂತವೂ ನಡೆದಿರುತ್ತದೆ” ಎಂದರು. ಮನೆಗೆ ಬಂದು ದೊಡ್ಡಮ್ಮನ ಹಣೆಯನ್ನು ಮುಟ್ಟಿ ನೋಡಿದೆ. ತಣ್ಣಗಿತ್ತು. ಊತವೆಂಬುದು ಎಲ್ಲಿಯೂ ಇಲ್ಲ. “ತಲೆ ನೋಯುತ್ತದೆಯೇ ದೊಡ್ಡಮ್ಮ?” ಎಂದು ಕೇಳಿದರೆ, “ನನಗೇಕೋ ನೋವು? ನೀನು ಊಟ ಮಾಡಿದೆಯಾ ಮಗು?” ಎಂದರು. ಆ ಪ್ರಶ್ನೆಯನ್ನು ಅವರು ಆ ಮಧ್ಯಾಹ್ನ ಕೇಳಿದ್ದು ಅದು ಐದನೆಯ ಸಲ.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ತಾಯಿ ಕಣ್ಮುಚ್ಚಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಲ್ಲಿಂದಾಚೆಗೆ ನನ್ನನ್ನು ಸಾಕಿ ಮನುಷ್ಯನನ್ನಾಗಿ ಮಾಡಿದವರು ಅವರು. ಅವರ ಜ್ಞಾಪಕಶಕ್ತಿ ನಮ್ಮ ಬಂಧುಬಳಗದಲ್ಲಿ ಒಂದು ಸಂಸ್ಥೆಯಂತಿತ್ತು. ಯಾರ ಮದುವೆಯಲ್ಲಿ ಯಾರಿಗೆ ಯಾವ ಬಣ್ಣದ ಸೀರೆ ಕೊಟ್ಟರು, ಯಾರ ಮಗುವಿನ ನಾಮಕರಣಕ್ಕೆ ಯಾರು ಬರದೆ ತಪ್ಪಿಸಿಕೊಂಡರು, ಯಾರ ತಿಥಿ ಯಾವ ಮಾಸದ ಯಾವ ಪಕ್ಷದಲ್ಲಿ ಬರುತ್ತದೆ—ಎಲ್ಲವೂ ನಾಲಗೆಯ ತುದಿಯಲ್ಲಿ. ನಮ್ಮಲ್ಲಿ ಪಂಚಾಂಗ ತೆಗೆಯುತ್ತಿದ್ದುದು ದೊಡ್ಡಮ್ಮ ಹೇಳಿದ್ದನ್ನು ಒಮ್ಮೆ ತಾಳೆ ನೋಡುವುದಕ್ಕಷ್ಟೆ.

೨೦೧೮ರ ದೀಪಾವಳಿಯಲ್ಲಿ ಅವರು ಎಣ್ಣೆನೀರು ಆಯಿತೇ ಎಂದು ನನ್ನನ್ನು ಮೂರು ಸಲ ಕೇಳಿದರು. ನಕ್ಕು ಸುಮ್ಮನಾದೆವು. ಕೆಲವು ತಿಂಗಳ ಮೇಲೆ ಕಾಫಿಯ ಫಿಲ್ಟರು ದೇವರ ಗೂಡಿನಲ್ಲಿ ಸಿಕ್ಕಿತು. ಆಗಲೂ ನಕ್ಕೆವು. ಅರವತ್ತಕ್ಕೇ ಅರಳುಮರಳು ಎನ್ನುತ್ತಾರೆ, ಎಂಬತ್ತು ದಾಟಿದವರಿಗೆ ಕೇಳಬೇಕೆ, ಎಂದು ನೆರೆಮನೆಯವರು ಸಮಾಧಾನ ಹೇಳಿದರು. ಕೊನೆಗೆ ಒಂದು ದಿನ ದೊಡ್ಡಮ್ಮ ತಮ್ಮ ಯಜಮಾನರ ತಿಥಿ ಯಾವಾಗ ಎಂದು ನನ್ನನ್ನು ಕೇಳಿದರು. ಆ ದಿನ ಮಾತ್ರ ಯಾರೂ ನಗಲಿಲ್ಲ. ಪರೀಕ್ಷೆಗಳೆಲ್ಲ ಆದಮೇಲೆ, ಇದು ಬರಿಯ ಮುಪ್ಪಿನ ಮರೆವಲ್ಲ, ಆಲ್‌ಝೈಮರ್ ಕಾಯಿಲೆ ಎಂದು ತಿಳಿಯಿತು. ಅರಳುಮರಳು ಎಂಬ ಗಾದೆಮಾತಿನ ಹಿಂದೆ ನಮ್ಮಲ್ಲಿ ಎಷ್ಟು ರೋಗಗಳು ಅಡಗಿ ಕುಳಿತು ಕಾಲ ಕಳೆದಿವೆಯೋ ಹೇಳುವವರು ಯಾರು?

ಉರಿಯಿಲ್ಲದ ಈ ಉರಿಯೂತದ ಗುಟ್ಟನ್ನು ನನಗೆ ಬಿಡಿಸಿ ಹೇಳಿದವರು ಸ್ನೇಹಿತರೊಬ್ಬರು. ರೋಗಶಾಸ್ತ್ರವನ್ನು ಬೋಧಿಸಿ ನಿವೃತ್ತರಾದವರು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡುವಾಗ ಇಷ್ಟಿಷ್ಟಾಗಿ ಹೇಳುತ್ತಾ ಬಂದರು. ವಿದ್ಯಾರ್ಥಿಗಳಿಲ್ಲದ ಮೇಷ್ಟರಿಗೆ ನಾನೊಬ್ಬ ಸಿಕ್ಕೆ. ಉತ್ತರವಿಲ್ಲದ ಪ್ರಶ್ನೆಗಳಿದ್ದ ನನಗೆ ಅವರು ಸಿಕ್ಕರು.

ಮಿದುಳಿಗೆ ನೋವೆಂಬುದೇ ತಿಳಿಯದಂತೆ. ಮೈಯ ಎಲ್ಲ ನೋವನ್ನೂ ತಿಳಿಯುವ ಅಂಗಕ್ಕೆ ತನ್ನ ನೋವನ್ನು ತಿಳಿಯುವ ತಂತುಗಳಿಲ್ಲ. ಅದಕ್ಕೇ ರೋಗಿ ಎಚ್ಚರವಾಗಿ ಮಾತನಾಡುತ್ತಿರುವಾಗಲೇ ಶಸ್ತ್ರವೈದ್ಯರು ಮಿದುಳಿನ ಮೇಲೆ ಕೈಯಾಡಿಸಬಲ್ಲರು. ಆದ್ದರಿಂದ ಇಲ್ಲಿನ ಉರಿಯೂತ ಬೂದಿ ಮುಚ್ಚಿದ ಕೆಂಡ. ಸೆಲ್ಸಸನ ನಾಲ್ಕು ಲಕ್ಷಣಗಳಲ್ಲಿ ಒಂದೂ ಹೊರಗೆ ಕಾಣದು. ಕಾಣಬೇಕಾದರೆ ಸೂಕ್ಷ್ಮದರ್ಶಕದ ಕೆಳಗೇ ಕಾಣಬೇಕು.

ಹಾಗೆ ಮೊದಲು ಕಂಡವರಲ್ಲಿ ಆಲ್‌ಝೈಮರ್ ಒಬ್ಬ. ೧೯೦೧ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗಸ್ಟೆ ಎಂಬ ಐವತ್ತೊಂದು ವರ್ಷದ ಹೆಂಗಸನ್ನು ಕರೆತಂದರು. ನಿನ್ನ ಹೆಸರೇನೆಂದರೆ ಆಗಸ್ಟೆ ಎಂದಳು. ಗಂಡನ ಹೆಸರೇನೆಂದರೂ ಆಗಸ್ಟೆ ಎಂದಳು. ತನ್ನನ್ನು ತಾನೇ ಕಳೆದುಕೊಂಡಿರುವುದಾಗಿ ಆಕೆಯೇ ಹೇಳಿದಳೆಂದು ಆಲ್‌ಝೈಮರ್ ಬರೆದಿಟ್ಟಿದ್ದಾನೆ. ಅವಳು ೧೯೦೬ರ ಏಪ್ರಿಲಿನಲ್ಲಿ ತೀರಿಕೊಂಡಾಗ ಅವನು ಮ್ಯೂನಿಕ್‌ನಲ್ಲಿದ್ದ; ಮಿದುಳನ್ನು ಅಲ್ಲಿಗೇ ತರಿಸಿಕೊಂಡು ನೋಡಿದ. ನರಕೋಶಗಳ ಹೊರಗೆ ಚಕ್ಕೆಚಕ್ಕೆಯಾಗಿ ಕೂತ ಗಸಿ, ಒಳಗೆ ಸಿಕ್ಕುಸಿಕ್ಕಾದ ನೂಲಿನ ಗಂಟು. ಈ ಎರಡನ್ನು ಇಂದು ಎಲ್ಲರೂ ಬಲ್ಲರು. ಮೂರನೆಯದೊಂದನ್ನೂ ಆತ ಗುರುತಿಸಿ ಬರೆದಿದ್ದ: ನರಕೋಶಗಳ ಸುತ್ತಲಿನ ಬೇರೆ ಜಾತಿಯ ಕೋಶಗಳಲ್ಲಿ ಎಳೆಗಳು ಹೆಚ್ಚಿವೆ, ಕೊಬ್ಬು ತುಂಬಿಕೊಂಡಿದೆ ಎಂದು. ಆ ವರ್ಷದ ನವೆಂಬರ್ ೩ರಂದು ಟ್ಯೂಬಿಂಗೆನ್ನಿನ ವೈದ್ಯರ ಸಭೆಯಲ್ಲಿ ಇದನ್ನೆಲ್ಲ ಹೇಳಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಮೂರನೆಯ ಸಂಗತಿಯನ್ನಂತೂ ಮುಂದೆಯೂ ಬಹಳ ಕಾಲ ಹೆಚ್ಚಾಗಿ ಯಾರೂ ವಿಚಾರಿಸಲಿಲ್ಲ.

ವಿಚಾರಿಸದಿದ್ದುದಕ್ಕೆ ಹೆಸರೂ ಒಂದು ಕಾರಣವಿರಬಹುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಿರ್ಕೋ ಎಂಬ ಜರ್ಮನ್ ಪಂಡಿತ ಇವುಗಳನ್ನು ‘ಗ್ಲಿಯ’ ಎಂದು ಕರೆದ. ಗ್ಲಿಯ ಎಂದರೆ ಗ್ರೀಕಿನಲ್ಲಿ ಅಂಟು. ನರಕೋಶಗಳು ಚಿತ್ರಗಳು, ಇವು ಅವನ್ನು ಹಲಗೆಗೆ ಅಂಟಿಸಿದ ಗೋಂದು! ಗೋಂದನ್ನು ಯಾರು ಗೌರವಿಸುತ್ತಾರೆ?

ಗೌರವಿಸಿದವನು ಸ್ಪೇನಿನ ಪಿಯೋ ದೆಲ್ ರಿಯೋ ಹೊರ್ತೇಗ. ನನ್ನ ಸ್ನೇಹಿತರಿಗೆ ಈತನ ಮೇಲೆ ವಿಶೇಷ ಪ್ರೀತಿ. ಕೆರೆಯ ಏರಿಯ ಮೇಲೆ ಒಂದು ಇಡೀ ಬೆಳಗು ಇವನ ಕಥೆಗೇ ಹೋಯಿತು. ಮ್ಯಾಡ್ರಿಡ್ಡಿನಲ್ಲಿ ಜಗತ್ಪ್ರಸಿದ್ಧನಾದ ರಾಮೋನ್ ಕಹಾಲನ ಕೈಕೆಳಗೆ ಕೆಲಸ ಮಾಡುತ್ತಿದ್ದ. ಕಹಾಲ್ ೧೯೦೬ರಲ್ಲಿ ನೊಬೆಲ್ ಬಹುಮಾನ ಪಡೆದವನು. ನರಕೋಶ ಒಂದು, ನಕ್ಷತ್ರಾಕಾರದ ಗ್ಲಿಯ ಇನ್ನೊಂದು. ಇವೆರಡೂ ಅಲ್ಲದ ‘ಮೂರನೆಯ ವಸ್ತು’ ಏನೋ ಇದೆ ಎಂದು ಕಹಾಲನಿಗೆ ಕಂಡಿತ್ತು, ಬಿಡಿಸಿ ನೋಡಲು ಆಗಿರಲಿಲ್ಲ. ಹೊರ್ತೇಗ ಬೆಳ್ಳಿಯ ಲವಣವೊಂದರಿಂದ ಬಣ್ಣ ಕಟ್ಟುವ ಹೊಸ ವಿಧಾನವನ್ನು ಹುಡುಕಿ, ಆ ಮೂರನೆಯದರಲ್ಲಿ ಎರಡು ಜಾತಿಗಳಿವೆ ಎಂದು ತೋರಿಸಿದ. ಅದರಲ್ಲಿ ಒಂದಕ್ಕೆ ೧೯೧೯ರಲ್ಲಿ ‘ಮೈಕ್ರೋಗ್ಲಿಯ’ ಎಂದು ಹೆಸರಿಟ್ಟ. ಶಾಂತವಾದ ಮಿದುಳಿನಲ್ಲಿ ಇವು ಸಣ್ಣ ಸಣ್ಣ ಕೊಂಬೆಗಳನ್ನು ಚಾಚಿ ಕುಳಿತಿರುತ್ತವೆ. ಪೆಟ್ಟು ಬಿದ್ದರೆ ಕೊಂಬೆಗಳನ್ನು ಒಳಗೆಳೆದುಕೊಂಡು ದುಂಡಗಾಗಿ ಅಲ್ಲಿಗೆ ನಡೆದುಹೋಗಿ ಸತ್ತದ್ದನ್ನೂ ಹರಿದದ್ದನ್ನೂ ತಿಂದುಹಾಕುತ್ತವೆ. ಇವು ಮಿದುಳಿನಲ್ಲಿ ಹುಟ್ಟಿದವಲ್ಲ, ಭ್ರೂಣದ ಕಾಲದಲ್ಲಿ ಹೊರಗಿನಿಂದ ಬಂದು ನೆಲೆಸಿದವು—ಇಷ್ಟನ್ನೂ ಆತ ಆಗಲೇ ಹೇಳಿಬಿಟ್ಟ. ಗುರುವಿಗೆ ಇದು ಹಿತವಾಗಲಿಲ್ಲ. ಮರುವರ್ಷ ಶಿಷ್ಯ ಪ್ರಯೋಗಶಾಲೆಯಿಂದ ಹೊರಬಿದ್ದ. (ಗುರುಶಿಷ್ಯರ ಮನಸ್ತಾಪ ನಮ್ಮ ವಿಶ್ವವಿದ್ಯಾನಿಲಯಗಳ ಸೊತ್ತೆಂದು ತಿಳಿದಿದ್ದೆ, ಸ್ಪೇನಿನಲ್ಲೂ ಬೆಳೆಯುತ್ತದೆ.) ೧೯೩೬ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಮೇಲೆ ಪ್ಯಾರಿಸ್, ಆಕ್ಸ್‌ಫರ್ಡ್ ಎಂದು ಅಲೆದು, ೧೯೪೫ರಲ್ಲಿ ದೂರದ ಬ್ವೆನೋಸ್ ಐರಿಸ್‌ನಲ್ಲಿ ತೀರಿಕೊಂಡ. ನೊಬೆಲ್ ಬಹುಮಾನಕ್ಕೆ ಹೆಸರು ಹೋಗಿತ್ತು, ಬಹುಮಾನ ಬರಲಿಲ್ಲ. ಹೊರಗಿನಿಂದ ಬಂದ ಕೋಶಗಳೆಂಬ ಅವನ ಮಾತು ದಿಟವೆಂದು ೨೦೧೦ರಲ್ಲಿ ಇಲಿಗಳಲ್ಲಿ ಖಚಿತವಾಯಿತು. ಭ್ರೂಣದ ಹಳದಿ ಚೀಲದಲ್ಲಿ ಹುಟ್ಟಿ, ಮೂಳೆಯ ಮಜ್ಜೆ ರಕ್ತ ತಯಾರಿಸಲು ತೊಡಗುವುದಕ್ಕೂ ಮೊದಲೇ ಇವು ಮಿದುಳಿಗೆ ವಲಸೆ ಹೋಗುತ್ತವೆ. ರಕ್ತದ ಬಿಳಿಯ ಕಣಗಳ ದಾಯಾದಿಗಳೇ. ಆದರೆ ಒಮ್ಮೆ ಒಳಹೊಕ್ಕಮೇಲೆ ಅಲ್ಲೇ ವಂಶ ಬೆಳೆಸಿಕೊಂಡು ಅಲ್ಲೇ ಬಾಳುತ್ತವೆ.

ನನ್ನ ತಾತನ ಊರಿನಲ್ಲಿ ಮುದುಕ ತಳವಾರನೊಬ್ಬನಿದ್ದ. ಹಗಲೆಲ್ಲ ಚಾವಡಿಯ ಕಂಬಕ್ಕೆ ಒರಗಿ ಅರೆಗಣ್ಣು ಮುಚ್ಚಿ ಕುಳಿತಿರುತ್ತಿದ್ದ. ಇವನಿಗೆ ಕೆಲಸವೇನು ಎಂದು ಹುಡುಗರಾದ ನಮಗೆ ಅನುಮಾನ. ಆದರೆ ಯಾರ ಮನೆಗೆ ಯಾವ ಊರಿನ ನೆಂಟರು ಬಂದರು, ಯಾರ ಕರು ಯಾರ ಹೊಲಕ್ಕೆ ನುಗ್ಗಿತು, ಅವನಿಗೆ ಗೊತ್ತಿಲ್ಲದ್ದು ಊರಿನಲ್ಲಿ ಏನೂ ಇರಲಿಲ್ಲ. ಮೈಕ್ರೋಗ್ಲಿಯದ ಕಥೆಯೂ ಹಾಗೇ ಆಯಿತು. ಕೊಂಬೆ ಚಾಚಿ ಕುಳಿತವುಗಳಿಗೆ ಪಂಡಿತರು ‘ವಿಶ್ರಾಂತಿಯಲ್ಲಿರುವ’ ಕೋಶಗಳೆಂದೇ ಬಹುಕಾಲ ಹೆಸರಿಟ್ಟಿದ್ದರು. ೨೦೦೫ರಲ್ಲಿ ಬದುಕಿರುವ ಇಲಿಯ ಮಿದುಳಿನೊಳಗೇ ಇಣಿಕಿ ನೋಡುವ ಸಾಧನ ಬಂತು. ನೋಡಿದರೆ, ವಿಶ್ರಾಂತಿಯೆಲ್ಲಿ ಬಂತು! ಕೋಶ ಕುಳಿತಲ್ಲೇ ಇದ್ದರೂ ಅದರ ಕೈಗಳು ಎಡೆಬಿಡದೆ ಚಾಚುತ್ತವೆ, ಹಿಂಜಗ್ಗುತ್ತವೆ, ಸುತ್ತಲೂ ತಡಕುತ್ತವೆ. ಕೆಲವೇ ಗಂಟೆಗಳಲ್ಲಿ ಇಡೀ ಮಿದುಳಿನ ಮೂಲೆಮೂಲೆಯನ್ನೂ ಒಮ್ಮೆ ಸವರಿ ಮುಗಿಸುತ್ತವೆ. ನಾವು ಈ ಸಾಲನ್ನು ಓದುತ್ತಿರುವಾಗಲೂ ನಮ್ಮ ತಲೆಯಲ್ಲಿ ಈ ಗಸ್ತು ನಡೆದೇ ಇದೆ.

ಗಸ್ತು ಮಾತ್ರವಲ್ಲ, ತೋಟಗಾರಿಕೆಯೂ ಇವುಗಳದೇ. ಎಳೆಯ ಮಿದುಳಿನಲ್ಲಿ ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಸಂಧಿಗಳು ಬೆಳೆಯುತ್ತವೆ. ಅವುಗಳಲ್ಲಿ ಬೇಡವಾದ್ದನ್ನು ಕತ್ತರಿಸಿ ತಿಂದು ಮಿದುಳನ್ನು ಹದಕ್ಕೆ ತರುವ ಕೆಲಸದಲ್ಲಿ ಮೈಕ್ರೋಗ್ಲಿಯದ ಪಾಲು ದೊಡ್ಡದೆಂದು ೨೦೧೧–೧೨ರ ಸುಮಾರಿಗೆ ತಿಳಿಯಿತು. ಯಾವುದನ್ನು ಕತ್ತರಿಸಬೇಕೆಂಬುದಕ್ಕೆ ರಕ್ತದಲ್ಲಿ ಕ್ರಿಮಿಗಳನ್ನು ಗುರುತು ಹಾಕಲು ಬಳಸುವ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನುಗಳೇ ಇಲ್ಲಿಯೂ ಚೀಟಿ ಅಂಟಿಸುತ್ತವೆಯಂತೆ. ಇದೇ ಕತ್ತರಿ ಮುದಿ ಮಿದುಳಿನಲ್ಲಿ ಮತ್ತೆ ಹೊರಬಂದರೆ? ಆಲ್‌ಝೈಮರ್ ಕಾಯಿಲೆ ತರಿಸಿದ ಇಲಿಗಳಲ್ಲಿ ಹಾಗೇ ಆಗುವುದನ್ನು ೨೦೧೬ರಲ್ಲಿ ಕಂಡರು. ಗಸಿಯ ಚಕ್ಕೆಗಳು ಇನ್ನೂ ಕೂಡುವ ಮೊದಲೇ ಸಂಧಿಗಳಿಗೆ ಚೀಟಿ ಬೀಳುತ್ತದೆ, ಮೈಕ್ರೋಗ್ಲಿಯ ಬಂದು ತಿನ್ನುತ್ತದೆ. ನೆನಪು ಇರುವುದು ಆ ಸಂಧಿಗಳಲ್ಲೇ ಎಂದು ಸ್ನೇಹಿತರು ಹೇಳಿದಾಗ, ನಮ್ಮ ದೊಡ್ಡಮ್ಮನ ತಿಥಿವಾರಗಳು, ಸೀರೆಯ ಬಣ್ಣಗಳು, ಒಂದೊಂದಾಗಿ ಯಾರದೋ ಬಾಯಿಗೆ ಬೀಳುತ್ತಿರುವಂತೆ ನನಗೆ ತೋರಿ ಆ ಬೆಳಗು ಮುಂದೆ ನಡೆಯಲಾಗಲಿಲ್ಲ. ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟೆ.

“ಹಾಗಾದರೆ ಈ ಕೋಶಗಳನ್ನೇ ಕೊಂದುಬಿಟ್ಟರೆ?” ಎಂದು ಕೇಳಿದೆ.

“ಅಷ್ಟು ಸುಲಭವಾಗಿದ್ದರೆ ನಿಮ್ಮನ್ನು ಇಲ್ಲಿ ಕೂರಿಸಿಕೊಂಡು ನಾನೇಕೆ ಮಾತನಾಡಲಿ?” ಎಂದರು ಅವರು.

ಸುಲಭವಲ್ಲ ಎಂಬುದಕ್ಕೆ ಸಾಕ್ಷಿ ೨೦೧೨ರ ಕೊನೆಯಲ್ಲಿ ಸಿಕ್ಕಿತ್ತು. ಮೈಕ್ರೋಗ್ಲಿಯದ ಮೈಮೇಲೆ ಕೂತು ಸುತ್ತಲಿನ ಕೊಳೆಯನ್ನು ಗ್ರಹಿಸುವ ‘ಟ್ರೆಮ್–೨’ ಎಂಬ ಪ್ರೋಟೀನೊಂದಿದೆ. ಅದರ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿದವರಿಗೆ ಆಲ್‌ಝೈಮರ್ ಕಾಯಿಲೆ ಬರುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚು ಎಂದು ಲೆಕ್ಕ ಹಾಕಿದರು. ಅಂದರೆ ಕಾವಲು ಚುರುಕಾಗಿದ್ದರೆ ಮಾತ್ರ ತೊಂದರೆಯೆಂದಲ್ಲ, ಮಂಕಾದರೂ ತೊಂದರೆಯೇ. ಆರೋಗ್ಯವಂತ ಮೈಕ್ರೋಗ್ಲಿಯಗಳು ಗಸಿಯ ಚಕ್ಕೆಯ ಸುತ್ತ ಒತ್ತಾಗಿ ನಿಂತು ಬೇಲಿ ಕಟ್ಟುತ್ತವೆ. ಅದು ಹರಡದಂತೆ ತಡೆಯುತ್ತವೆ. ವರ್ಷಗಟ್ಟಲೆ ತಿಂದರೂ ಕರಗದ ಕೊಳೆಯ ಮುಂದೆ ನಿಂತು ನಿಂತು, ಕೂಗಿ ಕೂಗಿ, ಅವು ಹೊರಹಾಕುವ ದ್ರವ್ಯಗಳು ಕೊಳೆಗಿಂತ ಹೆಚ್ಚಾಗಿ ನೆರೆಯ ನರಕೋಶಗಳನ್ನೇ ಸುಡತೊಡಗುತ್ತವೆ. ಎಲ್ಲಿಯವರೆಗೆ ಉಪಕಾರ, ಎಲ್ಲಿಂದ ಅಪಕಾರ ಎಂಬ ಗೆರೆಯನ್ನು ಎಳೆಯುವುದೇ ಇವತ್ತಿನ ಸಂಶೋಧಕರ ತಲೆನೋವು. ಪಾರ್ಕಿನ್‌ಸನ್ ಕಾಯಿಲೆಯಲ್ಲೂ ಇವುಗಳ ಗುಂಪು ಕಾಣುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಒಳಗಿನವರ ಜೊತೆಗೆ ಹೊರಗಿನ ರಕ್ತದ ಕಣಗಳೂ ಕೋಟೆ ದಾಟಿ ಬಂದು ನರತಂತುವಿನ ಹೊದಿಕೆಯನ್ನು ಕಿತ್ತುಹಾಕುತ್ತವೆ. ಅದು ಬೇರೆಯೇ ಒಂದು ಕಥೆ.

ಇದನ್ನೆಲ್ಲ ಕೇಳಿ ಬಂದು ಮನೆಯಲ್ಲಿ ಹೇಳಿದ್ದರ ಫಲ ಬೇರೆಯಾಯಿತು. ನನ್ನ ಅಕ್ಕನ ಯಜಮಾನರು, ಭಾವ, ನಿವೃತ್ತ ಇಂಜಿನಿಯರು. ಸಮಸ್ಯೆ ಎಂದರೆ ಪರಿಹಾರ ಇರಲೇಬೇಕೆಂದು ನಂಬಿದವರು. “ಉರಿಯೂತ ತಾನೆ? ನನ್ನ ಮಂಡಿಗೂ ಅದೇ. ದಿನಕ್ಕೊಂದು ಐಬುಪ್ರೊಫೇನ್ ಕೊಡು, ಯಾವ ಡಾಕ್ಟರೂ ಬೇಡ” ಎಂದು ಮಾತ್ರೆಯ ಪಟ್ಟಿಯನ್ನೇ ಹಿಡಿದು ಬಂದರು. ನನ್ನ ಹೆಂಡತಿಯಾದರೋ ಹಾಲಿಗೆ ಅರಿಶಿನ ಹಾಕಲು ಆಗಲೇ ಮೊದಲು ಮಾಡಿದ್ದಳು.

ಭಾವನ ಆಲೋಚನೆ ಅವರೊಬ್ಬರದೇ ಅಲ್ಲ. ಕೆನಡದ ವ್ಯಾಂಕೂವರಿನಲ್ಲಿ ಪ್ಯಾಟ್ರಿಕ್ ಮೆಕ್‌ಗೀರ್, ಈಡಿತ್ ಮೆಕ್‌ಗೀರ್ ಎಂಬ ವಿಜ್ಞಾನಿ ದಂಪತಿಗಳು ೧೯೮೦ರ ದಶಕದಲ್ಲಿ ಸತ್ತವರ ಮಿದುಳುಗಳಲ್ಲಿ ಕೆರಳಿದ ಮೈಕ್ರೋಗ್ಲಿಯಗಳನ್ನು ಎತ್ತಿ ತೋರಿಸಿದವರು. ಕೀಲುವಾತದ ರೋಗಿಗಳಲ್ಲಿ ಆಲ್‌ಝೈಮರ್ ಕಾಯಿಲೆ ಕಡಿಮೆ ಕಾಣುತ್ತದೆಂದು ಅವರು ೧೯೯೦ರಲ್ಲಿ ಬರೆದರು. ಆ ರೋಗಿಗಳು ವರ್ಷಗಟ್ಟಲೆ ಉರಿಯೂತದ ಮಾತ್ರೆ ನುಂಗುವವರು. ಕಾಪಾಡಿದ್ದು ಆ ಮಾತ್ರೆಯೇ ಇರಬಹುದಲ್ಲ? ಒಳ್ಳೆಯ ತರ್ಕ. ಪರೀಕ್ಷಿಸಿಯೇ ಬಿಡೋಣವೆಂದು ಅಮೆರಿಕದಲ್ಲಿ ೨೦೦೧ರಲ್ಲಿ ಎಪ್ಪತ್ತು ದಾಟಿದ ಸುಮಾರು ಎರಡೂವರೆ ಸಾವಿರ ಮಂದಿಗೆ ಅಂಥ ಎರಡು ಮಾತ್ರೆಗಳನ್ನು, ಕೆಲವರಿಗೆ ಬರಿಯ ಸಪ್ಪೆ ಮಾತ್ರೆಯನ್ನು ಕೊಡತೊಡಗಿದರು. ಹೃದಯಕ್ಕೆ ಅಪಾಯವಾದೀತೆಂಬ ಭಯದಿಂದ ೨೦೦೪ರ ಡಿಸೆಂಬರಿನಲ್ಲಿ ಮಾತ್ರೆ ನಿಲ್ಲಿಸಿದರು. ಲೆಕ್ಕ ನೋಡಿದರೆ ಮರೆವಿನ ಮೇಲೆ ಯಾವ ಪ್ರಯೋಜನವೂ ಕಾಣಲಿಲ್ಲ. ಮುದುಕರಿಗೆ ದಿನವೂ ಈ ಮಾತ್ರೆ ಕೊಟ್ಟರೆ ಹೊಟ್ಟೆಯಲ್ಲಿ ರಕ್ತ ಸ್ರವಿಸಬಹುದು, ಮೂತ್ರಪಿಂಡ ಕೆಡಬಹುದು ಎಂಬುದಂತೂ ಹೊಸ ವಿಷಯವಲ್ಲ. ಇದನ್ನು ಹೇಳಿದಮೇಲೆ ಭಾವ ಮಾತ್ರೆಯ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ತಮ್ಮ ಮಂಡಿಗೇ ಉಪಯೋಗಿಸಿದರು. ಅರಿಶಿನದ ಸತ್ತ್ವವನ್ನೂ ರೋಗಿಗಳಿಗೆ ಕೊಟ್ಟು ನೋಡಿದ ಸಣ್ಣಪುಟ್ಟ ಪ್ರಯೋಗಗಳು ನಡೆದಿವೆ, ಗುಣ ಕಂಡಿಲ್ಲ. ಹಾಲು ಮಾತ್ರ ದೊಡ್ಡಮ್ಮನಿಗೆ ರುಚಿಸಿತು. ಅದು ಮುಂದುವರಿದಿದೆ.

ಇಷ್ಟೆಲ್ಲ ತಿಳಿದುಕೊಂಡದ್ದರಿಂದ ದೊಡ್ಡಮ್ಮನಿಗೆ ಆದ ಲಾಭವೇನು ಎಂದು ಕೇಳುವವರಿದ್ದಾರೆ. ಒಂದು ಲಾಭ ಆಯಿತು. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

೨೦೨೨ರ ಶ್ರಾವಣ. ಆ ಹೊತ್ತಿಗೆ ದೊಡ್ಡಮ್ಮ ಒಂದು ನೆಲೆಗೆ ಬಂದಿದ್ದರು. ನಮ್ಮನ್ನೆಲ್ಲ ಗುರುತಿಸುತ್ತಿದ್ದರು, ತಾವೇ ಕಲಸಿಕೊಂಡು ಉಣ್ಣುತ್ತಿದ್ದರು, ಸಂಜೆ ದೀಪ ಹಚ್ಚಿದರೆ ಹಳೆಯ ದೇವರನಾಮವನ್ನು ಒಂದಕ್ಷರ ತಪ್ಪದೆ ಹಾಡುತ್ತಿದ್ದರು. ಒಂದು ಸೋಮವಾರ ಊಟ ಬೇಡವೆಂದರು. ಮಂಗಳವಾರ ರಾತ್ರಿ ಎದ್ದು ಕುಳಿತು ಸೆರಗನ್ನು ಎಳೆಎಳೆಯಾಗಿ ಕೀಳತೊಡಗಿದರು. ತೊಲೆಯ ಸಂದಿಯಲ್ಲಿ ಯಾರೋ ಕುಳಿತಿದ್ದಾರೆಂದು ಕೂಗಿದರು. ಜನ್ಮದಲ್ಲಿ ಯಾರ ಮೇಲೂ ಕೈಯೆತ್ತದವರು ನನ್ನ ಹೆಂಡತಿಯ ಕೆನ್ನೆಗೆ ಹೊಡೆದರು. ನಾನು ಹತ್ತಿರ ಹೋಗಿ ಕೈ ಹಿಡಿದುಕೊಂಡರೆ, “ಯಾರಪ್ಪ ನೀನು? ನಮ್ಮ ಮಗು ಎಲ್ಲಿ? ಅವನನ್ನು ಏನು ಮಾಡಿದೆ?” ಎಂದು ಅಳಲಾರಂಭಿಸಿದರು. ಆ ಮಗು ನಾನೇ. ಅರವತ್ತು ದಾಟಿದ ಮುಖವನ್ನು ಅವರೆದುರಿಗೆ ಹಿಡಿದು ನಾನೇ ಎಂದು ಹೇಗೆ ನಂಬಿಸಲಿ?

ಬೆಳಿಗ್ಗೆ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಜ್ವರ ನೋಡಿದರು, ಇರಲಿಲ್ಲ. ಹಳೆಯ ಕಾಗದಪತ್ರಗಳಲ್ಲಿ ಆಲ್‌ಝೈಮರ್ ಎಂಬ ಹೆಸರನ್ನು ಓದಿದಮೇಲೆ ಅವರಿಗೆ ಇನ್ನೇನೂ ಓದಬೇಕೆನಿಸಲಿಲ್ಲ. ಕಾಯಿಲೆ ಮುಂದಿನ ಮೆಟ್ಟಿಲಿಗೆ ಹೋಗಿದೆ, ಇನ್ನು ಹೀಗೆಯೇ, ಎಂದು ನಿದ್ದೆಯ ಔಷಧ ಬರೆದು ಕಳಿಸಿದರು. ದೊಡ್ಡಮ್ಮ ಒಂದೂವರೆ ದಿನ ನೀರೂ ಕುಡಿಯದೆ ಮಲಗಿದರು. ಸುದ್ದಿ ತಿಳಿದು ಬಂದ ಸ್ನೇಹಿತರು ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ ಮಾತು: “ಮೂತ್ರ ಪರೀಕ್ಷೆ ಮಾಡಿಸಿದಿರಾ?”

ಜ್ವರವಿಲ್ಲವಲ್ಲ ಎಂದೆ. “ಎಂಬತ್ತು ದಾಟಿದವರ ಮೈ ಜ್ವರ ಬರಿಸಿಕೊಳ್ಳುವಷ್ಟು ಹುರುಪನ್ನೂ ಎಷ್ಟೋ ಸಲ ತೋರಿಸುವುದಿಲ್ಲ. ಹತ್ತು ವರ್ಷದಲ್ಲಿ ಇಳಿಯುವ ಮೆಟ್ಟಿಲನ್ನು ಆಲ್‌ಝೈಮರ್ ಎರಡು ದಿನದಲ್ಲಿ ಇಳಿಸುವುದಿಲ್ಲ. ಎರಡು ದಿನದಲ್ಲಿ ಕೆಟ್ಟಿದೆಯೆಂದರೆ ಕಾರಣ ಬೇರೆ ಹುಡುಕಿ” ಎಂದರು. ಪರೀಕ್ಷೆಯಲ್ಲಿ ಮೂತ್ರಮಾರ್ಗದ ಸೋಂಕು ಸ್ಪಷ್ಟವಾಗಿತ್ತು. ಸೋಂಕಿಗೆ ಔಷಧ ಕೊಟ್ಟರು, ನಿದ್ದೆಯ ಮಾತ್ರೆ ನಿಲ್ಲಿಸಿದರು, ಸೂಜಿಯ ಮೂಲಕ ನೀರು ಹರಿಸಿದರು. ಆರನೆಯ ದಿನ ಬೆಳಿಗ್ಗೆ ದೊಡ್ಡಮ್ಮ ಕಣ್ಣು ಬಿಟ್ಟು ನನ್ನನ್ನು ನೋಡಿ, “ಏನೋ ಮಗು, ಗಡ್ಡ ಬಿಟ್ಟಿದ್ದೀಯ, ಕಾಫಿ ಆಯಿತೇ?” ಎಂದರು.

ಮೂತ್ರಕೋಶದ ಸೋಂಕಿಗೂ ತೊಲೆಯ ಸಂದಿಯಲ್ಲಿ ಕುಳಿತವನಿಗೂ ಏನು ಸಂಬಂಧ? ಇಲ್ಲಿಯೂ ನಮ್ಮ ಕಾವಲುಗಾರರೇ. ಮಿದುಳಿನ ಸುತ್ತ ರಕ್ತನಾಳಗಳದೇ ಒಂದು ಕೋಟೆಯಿದೆ. ೧೮೮೫ರಲ್ಲಿ ಪೌಲ್ ಎರ್ಲಿಕ್ ಇಲಿ ಮೊಲಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಮೈಯೆಲ್ಲ ಬಣ್ಣವಾಗಿ ಮಿದುಳು ಮಾತ್ರ ಬೆಳ್ಳಗೇ ಉಳಿದಿತ್ತು. ಮೈಯ ರಕ್ಷಣಾ ವ್ಯವಸ್ಥೆಗೂ ಮಿದುಳಿಗೂ ಹೊಕ್ಕುಬಳಕೆಯೇ ಇಲ್ಲವೆಂದು ಆಮೇಲೆ ಬಹಳ ಕಾಲ ನಂಬಿದ್ದರು. ಆ ನಂಬಿಕೆ ಸಡಿಲುತ್ತಾ ಬಂದು, ೨೦೧೫ರಲ್ಲಿ ಮಿದುಳಿನ ಪೊರೆಯಲ್ಲಿ ದುಗ್ಧರಸದ ನಾಳಗಳೇ ಇವೆಯೆಂದು ತಿಳಿದಮೇಲೆ ಇನ್ನಷ್ಟು ಸಡಿಲಿತು. ಕೋಟೆ ಇದೆ, ಆದರೆ ಸುದ್ದಿ ದಾಟುತ್ತದೆ. ಮೈಯಲ್ಲಿ ಎಲ್ಲಿಯೇ ಸೋಂಕಾಗಲಿ, ಅಲ್ಲಿನ ರಕ್ಷಕ ಕೋಶಗಳು ರಕ್ತಕ್ಕೆ ಬಿಡುವ ದ್ರವ್ಯಗಳ ಸುಳಿವು ಮಿದುಳಿಗೆ ಮುಟ್ಟುತ್ತದೆ. ಜ್ವರ ಬಂದಾಗ ನಮಗೆ ಊಟ ಸೇರದೆ, ಯಾರ ಮಾತೂ ಬೇಡವಾಗಿ, ಮೂಲೆಯಲ್ಲಿ ಕಂಬಳಿ ಹೊದ್ದು ಮುದುರಿಕೊಳ್ಳಬೇಕೆನಿಸುತ್ತದಲ್ಲ, ಅದು ಕ್ರಿಮಿ ಮಾಡಿದ್ದಲ್ಲ, ಆ ಸುದ್ದಿ ಕೇಳಿ ಮಿದುಳು ಮಾಡಿದ ಏರ್ಪಾಡು. ಆರೋಗ್ಯವಾದ ಮಿದುಳಿನ ಮೈಕ್ರೋಗ್ಲಿಯ ಸುದ್ದಿ ಕೇಳಿ ಎದ್ದು, ಮತ್ತೆ ಕುಳಿತುಕೊಳ್ಳುತ್ತದೆ. ವರ್ಷಗಳಿಂದ ರೋಗದ ಎದುರು ನಿಂತು ಕಾದ ಮೈಕ್ರೋಗ್ಲಿಯ ಹಾಗಲ್ಲ. ದೂರದ ಸದ್ದಿಗೂ ದೊಣ್ಣೆ ಬೀಸಿಬಿಡುತ್ತದೆ. ೨೦೦೫ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ೨೦೦೯ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಮುನ್ನೂರು ಆಲ್‌ಝೈಮರ್ ರೋಗಿಗಳನ್ನು ಆರು ತಿಂಗಳು ಗಮನಿಸಿದಾಗ, ಆ ಅವಧಿಯಲ್ಲಿ ಸೋಂಕೋ ಪೆಟ್ಟೋ ಆಗಿ ಮೈಯಲ್ಲಿ ಉರಿಯೂತ ಎದ್ದವರ ಬುದ್ಧಿ, ಉಳಿದವರದಕ್ಕಿಂತ ಎರಡರಷ್ಟು ವೇಗವಾಗಿ ಕುಗ್ಗಿತ್ತು. ಇಂಥ ಅವಲೋಕನದಿಂದ ಕಾರಣವನ್ನು ಸಾಧಿಸಿದಂತಾಗುವುದಿಲ್ಲ ಎಂದು ಸ್ನೇಹಿತರು ಎಚ್ಚರಿಸುತ್ತಾರೆ. ಪ್ರತಿಯೊಂದು ಗೊಂದಲಕ್ಕೂ ಮೂತ್ರವೇ ಕಾರಣವೆಂದುಕೊಳ್ಳುವುದೂ ತಪ್ಪಂತೆ. ಎದೆಯ ಕಫ, ಕಟ್ಟಿದ ಹೊಟ್ಟೆ, ಸಾಲದ ನೀರು, ಹೊಸದಾಗಿ ತೊಡಗಿದ ಮಾತ್ರೆ, ಇವನ್ನೂ ನೋಡಬೇಕು. ನೋಡಬೇಕೆಂಬುದೇ ಮುಖ್ಯ. ಕಾಯಿಲೆಯ ಹೆಸರನ್ನು ಓದಿ ಕಾಗದ ಮಡಿಸಿ ಇಡುವ ಅಭ್ಯಾಸವಿದೆಯಲ್ಲ, ಅದರ ಮೇಲೆ ನನಗೆ ಇನ್ನೂ ಕೋಪ ಇಳಿದಿಲ್ಲ.

ಏಕೆಂದರೆ ದೊಡ್ಡಮ್ಮ ಬಂದರು, ಆದರೆ ಪೂರ್ತಿ ಬರಲಿಲ್ಲ. ದೇವರನಾಮದ ಮೊದಲ ಚರಣವಷ್ಟೇ ಮರಳಿತು.

ಹೊಸ ಔಷಧಗಳ ಮಾತೂ ಮನೆಯಲ್ಲಿ ಬಂತು. ಅಮೆರಿಕದಲ್ಲಿರುವ ಅಕ್ಕನ ಮಗಳು ೨೦೨೩ರ ಜುಲೈಯಲ್ಲಿ ಫೋನು ಮಾಡಿ, ಲೆಕಾನೆಮಾಬ್ ಎಂಬುದಕ್ಕೆ ಅಲ್ಲಿ ಪೂರ್ತಿ ಮಂಜೂರಾತಿ ಸಿಕ್ಕಿತೆಂದು ಹೇಳಿದಳು. ಗಸಿಗೆ ಅಂಟಿಕೊಂಡು, ಮೈಕ್ರೋಗ್ಲಿಯಕ್ಕೆ ಇದನ್ನು ತಿನ್ನು ಎಂದು ಕುರುಹು ತೋರಿಸುವ ಔಷಧ ಅದು. ಹದಿನೆಂಟು ತಿಂಗಳ ಪ್ರಯೋಗದಲ್ಲಿ ಇಳಿತದ ವೇಗ ಶೇಕಡ ೨೭ರಷ್ಟು ತಗ್ಗಿತು. ಗುಣವಾಗಲಿಲ್ಲ, ನಿಧಾನವಾಯಿತು. ಕೆಲವರ ಮಿದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ ಆದವು. (ಊತ ಕೊನೆಗೂ ಬಂತು ನೋಡಿ, ಔಷಧದಿಂದ.) ಅದೂ ರೋಗದ ಮೊದಲ ಹಂತದವರಿಗೆ ಮಾತ್ರ. ದೊಡ್ಡಮ್ಮ ಆ ಊರನ್ನು ದಾಟಿ ಬಹಳ ದೂರ ಬಂದಿದ್ದರು.

ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳು ಮಂದಿಗಿಂತ ಹೆಚ್ಚು, ಒಟ್ಟು ಸುಮಾರು ಎಂಬತ್ತೆಂಟು ಲಕ್ಷ ಜನ, ಇಂಥ ಮರೆವಿನ ರೋಗಗಳಿಂದ ಬಳಲುತ್ತಿದ್ದಾರೆಂದು ೨೦೨೩ರಲ್ಲಿ ಅಂದಾಜು ಮಾಡಿದರು. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ವಿಜ್ಞಾನ ಮಂದಿರದ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ನಲವತ್ತೈದು ದಾಟಿದ ಸಾವಿರಾರು ರೈತಾಪಿ ಜನರನ್ನು ವರ್ಷ ವರ್ಷವೂ ಪರೀಕ್ಷಿಸುತ್ತಾ ಮುಪ್ಪಿನ ದಾರಿಯನ್ನು ಗುರುತು ಹಾಕುತ್ತಿದ್ದಾರೆ. ನಿಮ್ಹಾನ್ಸ್‌ನಲ್ಲಿ ೧೯೯೫ರಿಂದ ಮಿದುಳುಗಳ ಭಂಡಾರವೊಂದಿದೆ. ನನ್ನದನ್ನು ಅಲ್ಲಿಗೆ ಕೊಡಬೇಕೆಂದಿದ್ದೇನೆ ಎಂದು ಮನೆಯಲ್ಲಿ ಹೇಳಿದೆ. “ಅವರು ಹುಡುಕಿ ನೋಡಿ ಏನೂ ಸಿಗದೆ ಬೇಜಾರು ಮಾಡಿಕೊಂಡರೆ?” ಎಂದಳು ನನ್ನ ಹೆಂಡತಿ.

ಇತ್ತೀಚೆಗೆ ಸ್ನೇಹಿತರು ಹೇಳಿದ ಒಂದು ಸಂಗತಿ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ೨೦೧೩ರ ಸೆಪ್ಟೆಂಬರಿನಿಂದ ಮುದುಕರಿಗೆ ಸರ್ಪಸುತ್ತಿನ ಲಸಿಕೆ ಹಾಕತೊಡಗಿದರು. ೧೯೩೩ರ ಸೆಪ್ಟೆಂಬರ್ ೨ರಂದು ಅಥವಾ ಅನಂತರ ಹುಟ್ಟಿದವರಿಗೆ ಉಂಟು, ಅದಕ್ಕೆ ಮೊದಲು ಹುಟ್ಟಿದವರಿಗೆ ಇಲ್ಲ ಎಂದು ನಿಯಮ. ಒಂದು ವಾರ ಹಿಂದೆ ಮುಂದೆ ಹುಟ್ಟಿದವರಲ್ಲಿ ಬೇರೆ ವ್ಯತ್ಯಾಸವೇನಿರುತ್ತದೆ? ಏಳು ವರ್ಷಗಳ ದಾಖಲೆ ನೋಡಿದರೆ, ಲಸಿಕೆ ಹಾಕಿಸಿಕೊಂಡವರಲ್ಲಿ ಮರೆವಿನ ರೋಗ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ. ಹೆಂಗಸರಲ್ಲಿ ಲಾಭ ಇನ್ನೂ ಹೆಚ್ಚು. ೨೦೨೫ರಲ್ಲಿ ಇದು ಪ್ರಕಟವಾಯಿತು. ನರಗಳಲ್ಲಿ ಅಡಗಿ ಕುಳಿತ ವೈರಸ್ ಮತ್ತೆ ಮತ್ತೆ ಏಳದಂತೆ ಮಾಡಿ ಕಾವಲುಗಾರರನ್ನು ಸುಮ್ಮನಿರಿಸುತ್ತದೆಯೋ, ಅಥವಾ ರಕ್ಷಣಾ ವ್ಯವಸ್ಥೆಯನ್ನೇ ಬೇರೆ ರೀತಿಯಲ್ಲಿ ಹದಗೊಳಿಸುತ್ತದೆಯೋ ಇನ್ನೂ ತೀರ್ಮಾನವಾಗಿಲ್ಲ. ಹುಟ್ಟಿದ ತಾರೀಖು ನೋಡಿ ಭವಿಷ್ಯ ಹೇಳುವವರನ್ನು ನಾನು ಎಂದೂ ನಂಬಿದವನಲ್ಲ. ವೇಲ್ಸಿನ ಈ ಜಾತಕವನ್ನು ಮಾತ್ರ ಗಮನವಿಟ್ಟು ಓದಿದೆ. ಅಲ್ಲಿ ಕೊಟ್ಟದ್ದು ಹಳೆಯ ಬಗೆಯ ಲಸಿಕೆ. ನಮ್ಮಲ್ಲಿ ಸಿಗುವ ಹೊಸದರ ಬೆಲೆ ಕೇಳಿಕೊಂಡು ಬಂದಿದ್ದೇನೆ. ಬೆಲೆಯನ್ನು ಮರೆಯಲು ಯತ್ನಿಸುತ್ತಿದ್ದೇನೆ, ಆಗುತ್ತಿಲ್ಲ.

ದೊಡ್ಡಮ್ಮ ಇದ್ದಾರೆ. ಯಾರಿಗೆ ನೆಗಡಿಯಾದರೂ ಅವರ ಕೋಣೆಗೆ ಹೋಗುವಂತಿಲ್ಲವೆಂದು ಮನೆಯಲ್ಲಿ ಕಟ್ಟಪ್ಪಣೆ. ದಿನಕ್ಕೆ ಇಷ್ಟು ಲೋಟ ನೀರು ಕುಡಿಸಲೇಬೇಕು. ಲೆಕ್ಕ ತಪ್ಪದಿರಲೆಂದು ನನ್ನ ಹೆಂಡತಿ ಅಡಿಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಲೋಟಕ್ಕೊಂದು ಗೆರೆ ಎಳೆಯುತ್ತಾಳೆ. ಮೊನ್ನೆ ದೊಡ್ಡಮ್ಮ ಆ ಗೆರೆಗಳನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ಆಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿ, ಹಾಲಿನವಳು ಒಂದು ಪಾವು ಹೆಚ್ಚು ಬರೆದಿದ್ದಾಳೆಂದೂ ಅವಳ ಲೆಕ್ಕ ನೋಡದೆ ದುಡ್ಡು ಕೊಡಕೂಡದೆಂದೂ ನನಗೆ ತಾಕೀತು ಮಾಡಿದರು.